ಬೆನ್ನು ಮಾಡಿ ಕೂತ ಮಗು

ಬಾಗಿಲಿಗೆ ಬೆನ್ನು ಮಾಡಿ ಕೂತು ಹುಣಸೆಬೀಜ ಜೋಡಿಸುವ ಮಗು. ಆ ದಿನಗಳನ್ನು ನೆನೆದರೆ ಮೊದಲು ಕಾಣುವುದು ನನ್ನ ಕುಮುದಳ ಆ ಪುಟ್ಟ ಬೆನ್ನು. ನಾಲ್ಕು ತುಂಬಿದ್ದರೂ ಅವಳು ಒಂದು ಮಾತೂ ಆಡಿರಲಿಲ್ಲ.

ನಮ್ಮೂರಿನ ಮನೋವಿಶ್ಲೇಷಣಾ ಮಂಡಲಿಗೆ ಡಾಕ್ಟರ್ ಜನಾರ್ದನಯ್ಯನವರೇ ಹಿರಿಯರು. ವರ್ಷವಿಡೀ ಅವಳನ್ನು ನೋಡಿದ ಅವರು, ಇದು ತಾಯಿಯ ಮೇಲಿನ ಮುನಿಸು, ಬೇಕೆಂದೇ ಹಿಡಿದ ಮೌನ ಎಂದಿದ್ದರು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದವಳು ನಾನು. ನಂಬುವುದು ಕಷ್ಟವಾಗಲಿಲ್ಲ. ಆದರೂ ಕೇಳಿದ್ದೆ.

"ಒಂದ್ಸಲ ಕಿವಿ ಆಸ್ಪತ್ರೆಗೆ ಚೀಟಿ ಬರ್ಕೊಡ್ತೀರಾ ಸಾರ್?"

"ಬಾಗಿಲು ಬಡಿದ್ರೆ ತಿರುಗ್ತಾಳಲ್ಲಮ್ಮ. ತಪ್ಪನ್ನ ಅವಳ ಕಿವಿ ಮೇಲೆ ಹಾಕಿ ನೀವು ಪಾರಾಗ್ಬೇಕು, ಅಲ್ವಾ?" ಎಂದು ನಕ್ಕರು. ಸುತ್ತಲಿದ್ದ ಶಿಷ್ಯರೂ ನಕ್ಕರು. ಅವರ ಚೀಟಿಯಿಲ್ಲದೆ ದೂರದ ಆ ಆಸ್ಪತ್ರೆಯಲ್ಲಿ ಒಳಗೆ ಬಿಡುತ್ತಿರಲಿಲ್ಲ.

ನಗದಿದ್ದವರು ಅವರ ಶಿಷ್ಯೆ ಸರ್ವಮಂಗಳಾ ಒಬ್ಬರೇ. ಮಂಡಲಿಯ ಸಭೆಯಲ್ಲಿ ಕುಮುದಳ ವಿಷಯವಾಗಿ ಪ್ರಬಂಧ ಓದಿದರು. ನನ್ನನ್ನೂ ಮಗುವನ್ನೂ ಕರೆಸಿ ಹಿಂದಿನ ಚಾಪೆಯ ಮೇಲೆ ಕೂರಿಸಿದ್ದರು.

"ಈ ಮಗು ಮಾತು ಬಿಟ್ಟಿಲ್ಲ. ಅದಕ್ಕೆ ಮಾತು ಕೇಳಿಸೇ ಇಲ್ಲ. ಬಾಗಿಲು ಬಡಿದ್ರೆ ನೆಲ ಅದುರುತ್ತೆ, ಅದಕ್ಕೇ ತಿರುಗುತ್ತೆ."

ಮಂಡಲಿ ಸೇರುವವರೆಲ್ಲ ಮೊದಲು ವರ್ಷಗಟ್ಟಲೆ ಹಿರಿಯರ ಮಂಚದ ಮೇಲೆ ಮಲಗಿ, ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಳ್ಳಬೇಕೆಂಬ ನಿಯಮವಿತ್ತು. ಜನಾರ್ದನಯ್ಯನವರು ಎದ್ದರು. ಪ್ರಬಂಧದ ಗೊಡವೆಗೇ ಹೋಗಲಿಲ್ಲ.

"ಮಂಗಳಾ, ಬಾವಿಕಟ್ಟೆ ಮೇಲೆ ನಿಂತು ಅಪ್ಪಾ ಅಪ್ಪಾ ಅಂತ ಕೂಗಿದ್ದು ಯಾರಮ್ಮ? ತಮ್ಮ ಮುಳುಗ್ತಿದ್ದ, ಅಪ್ಪ ಬರ್ಲಿಲ್ಲ. ಅವತ್ತಿಂದ ನಿನಗೆ ಲೋಕವೆಲ್ಲ ಕಿವುಡೇ!"

"ಈಗ ಗುರುಗಳೂ ಕಿವುಡರಾದ್ರು ಬಿಡಿ!" ಎಂದರು ಮುಂದಿನ ಸಾಲಿನಲ್ಲೊಬ್ಬರು. ಸಭೆ ನಕ್ಕಿತು.

ಸರ್ವಮಂಗಳಾ ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟರು. "ಅದನ್ನ ನಿಮ್ಮ ಮಂಚದ ಮೇಲೆ ಮಲಗಿ ಹೇಳಿದ್ದೆ ಸಾರ್. ಇಲ್ಲಿ ಹೇಳಿರ್ಲಿಲ್ಲ."

"ನೋಡಿದ್ರಾ, ಅಪ್ಪನ ಮೇಲಿನ ಕೋಪ ಈಗ ನನ್ನ ಮೇಲೆ!" ಎಂದರು ಜನಾರ್ದನಯ್ಯ, ಸಭೆಯತ್ತ ತಿರುಗಿ.

ಆಗ ಎದ್ದಿತು ಚಪ್ಪಾಳೆ. ಗವಾಕ್ಷಿಯಲ್ಲಿದ್ದ ಪಾರಿವಾಳಗಳು ಪಟಪಟನೆ ಹಾರಿಹೋದವು. ಚಾಪೆಯ ಮೇಲೆ, ಅವರೆಲ್ಲರಿಗೂ ಬೆನ್ನು ಮಾಡಿ ಕೂತಿದ್ದ ಕುಮುದ ತಿರುಗಲಿಲ್ಲ. ಇನ್ನೊಂದು ಬೀಜ ಎತ್ತಿ ಸಾಲಿಗೆ ಸೇರಿಸಿದಳು.

"ಮಗು ನೋಡಿ! ಯಾರಾದ್ರೂ ನನ್ನ ಮಗು ನೋಡಿ!" ಎಂದು ಕಿರುಚಿದೆ. ಅದಕ್ಕೂ ಅವಳು ತಿರುಗಲಿಲ್ಲ.

"ತಾಯಿಯ ಉದ್ವೇಗ. ಬರ್ಕೊಳ್ಳಿ," ಎಂದರು ಜನಾರ್ದನಯ್ಯ. ಸಭೆಯವರು ಬರೆದುಕೊಂಡರು.

ಸರ್ವಮಂಗಳಾರನ್ನು ಮಂಡಲಿಯಿಂದ ತೆಗೆದರು. ಅವರು ಊರನ್ನೇ ಬಿಟ್ಟರು. ಮುಂದೆ ಮಂಡಲಿಯೂ ಎರಡಾಗಿ, ಎರಡು ಕಡೆಯವರೂ ನನ್ನ ಮಗಳನ್ನು ಮುಂದಿಟ್ಟುಕೊಂಡು ಒಬ್ಬರನ್ನೊಬ್ಬರು ಹುಚ್ಚರೆಂದು ಬರೆದರು. ಚೀಟಿ ಯಾರೂ ಬರೆಯಲಿಲ್ಲ. ಕೊನೆಗೆ, ಅವಳಿಗೆ ಎಂಟು ತುಂಬಿದ ಮೇಲೆ, ಯಾರ ಯಾರದೋ ಕಾಲು ಹಿಡಿದು ಆಸ್ಪತ್ರೆ ಮುಟ್ಟಿದಾಗ ಅಲ್ಲಿನ ವೈದ್ಯೆ ಅವಳ ಕಿವಿ ನೋಡಿ, ಆಮೇಲೆ ನನ್ನ ಮುಖ ನೋಡಿದರು. "ಇಷ್ಟು ದಿನ ಎಲ್ಲಿದ್ರಮ್ಮ? ಮಾತು ಕಲಿಯೋ ವಯಸ್ಸು ಕಳೆದುಹೋಯ್ತಲ್ಲ," ಎಂದರು.

ಈಗಲೂ ಕುಮುದ ಕಿಟಕಿಯ ಬೆಳಕಿನಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕೂತು ಹೂ ಕಟ್ಟುತ್ತಾಳೆ. ಕೆಲಸದಿಂದ ಬಂದವಳೇ ಹಿಂದಿನಿಂದ ಹೆಸರು ಹಿಡಿದು ಕರೆಯುವ ಅಭ್ಯಾಸ ನನಗಿನ್ನೂ ಹೋಗಿಲ್ಲ. ಕರೆದು ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ ಸುತ್ತಿಕೊಂಡು ಹೋಗಿ ಅವಳ ಎದುರಿಗೆ ನಿಲ್ಲುತ್ತೇನೆ.