ಶಟ್ಟೆವ್ವ ಹೇಳಿ ಬರೆಸಿದ್ದು

ಗೋಡೆಗೆ ಒರಗಿಸಿ ಕೂಡಿಸಿದ್ದ ಶಟ್ಟೆವ್ವನ ಹೆಣದ ತಲೆ ಮತ್ತೆ ಎಡಕ್ಕೆ ವಾಲಿತು. ಮಗ ಭೀಮಶಿ ಗೋಡೆಯ ಗೂಟಕ್ಕೆ ಬಿಳಿ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದ. ಶಿವಾನಿ ಎರಡೂ ಕೈಯಿಂದ ಮುದುಕಿಯ ಭುಜ ಹಿಡಿದುಕೊಂಡಿದ್ದಳು. ಹಸಿರು ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ.

“ಇನ್ನೊಂಚೂರು ಎತ್ತಿ ಹಿಡಿ. ಹಾಂ, ಸಾಕು,” ಎಂದ ಭೀಮಶಿ. ಗಂಟು ಹಾಕುತ್ತಲೇ ಹೇಳಿದ, “ನಿನ್ನ ಹೆಸರು ಭಾಳ ತಗೀತಿದ್ಲು ನಮ್ಮವ್ವ. ನಾ ಹೋದ್ರೂ ನನ್ನ ಮಾತು ಶಿವಾನಿ ಕಡೆ ಅದಾವು ಅಂತಿದ್ಲು.”

ಶಿವಾನಿ ಭುಜದ ಮೇಲಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

ಹೂಲಿಯ ಆ ಓಣಿ ಬೆಳಗಿನಿಂದ ತುಂಬಿತ್ತು. ಚಚಡಿಯಿಂದ ಒಂದು ಟ್ರ್ಯಾಕ್ಟರ್ ತುಂಬ ಹೆಂಗಸರು ಬಂದಿಳಿದಿದ್ದರು. ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವಳು ಶಟ್ಟೆವ್ವ. ಬಂದವರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು.

“ನನ್ನ ಐದೂ ಮಕ್ಕಳು ಅಕಿ ಕೈಯಾಗ ಭೂಮಿಗಿ ಬಂದಾವು,” ಎಂದು ಕಟ್ಟೆಯ ಮೇಲೆ ಕೂತ ಹಣಮಂತಪ್ಪ ಹೇಳುತ್ತಿದ್ದ. “ಮೂರನೇದಕ್ಕ ಹಳ್ಳ ಬಂದಿತ್ತು. ಚಕ್ಕಡಿ ದಾಟೂದಿಲ್ಲ ಅಂದೆ. ಹೆಣ್ಮಗಳು ಸೀರಿ ಕಚ್ಚಿ ಹಾಕಿ ನಡಕೊಂಡ ದಾಟಿದ್ಲು. ಮನಿಗಿ ಬಂದಾಕಿ ಮೊದಲ ನನ್ನ ಬೈದ್ಲು, ಬಿಸಿನೀರು ಯಾಕ ಇಟ್ಟಿಲ್ಲ ಅಂತ.”

“ಏನ್ ತಗೋತಿದ್ಲರಿ?” ಎಂದು ಪಕ್ಕದವನು ಕೇಳಿದ.

“ಒಂದು ಕುಬಸ, ಒಂದು ತೆಂಗಿನಕಾಯಿ. ಕೂಸು ಉಳೀಲಿಲ್ಲಂದ್ರ ಅದೂ ಇಲ್ಲ.”

*

ಶಿವಾನಿಯೂ ಅದೇ ಊರಿನವಳು, ಅವಳೂ ಶಟ್ಟೆವ್ವನ ಕೈಯಲ್ಲೇ ಹುಟ್ಟಿದವಳು. ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಎರಡು ವರ್ಷದ ಹಿಂದೆ, ಯಾರ ಹೆರಿಗೆ ಎಂದಾಯಿತು, ಹೇಗಾಯಿತು ಎಂಬುದೆಲ್ಲ ಮುದುಕಿಯ ಬಾಯಲ್ಲಿದ್ದದ್ದು ಕಂಡು, ಭಾನುವಾರಗಳಲ್ಲಿ ಬಂದು ಬರೆದುಕೊಳ್ಳತೊಡಗಿದಳು. ಶಟ್ಟೆವ್ವನಿಗೆ ತಾರೀಖು ಗೊತ್ತಿರಲಿಲ್ಲ. ಶೇಂಗಾ ಕೀಳುವಾಗ ಹುಟ್ಟಿದ್ದು, ದೊಡ್ಡ ಕೆರೆ ಒಡೆದ ವರ್ಷದ್ದು ಎಂದು ಹೇಳುತ್ತಿದ್ದಳು. ಹೆಸರು ಮಾತ್ರ ಒಂದೂ ತಪ್ಪುತ್ತಿರಲಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಅಂದರೆ ಒಪ್ಪಲಿಲ್ಲ. “ಬಾಣಂತಿ ಮಾತು ನಾಕ ಮಂದಿ ಕಿವಿಗಿ ಬೀಳಬಾರದವ್ವ. ಬರಕೊ. ಕೇಳಾಕ ಬಂದಾವರಿಗಿ ಅವರವರದ ಓದಿ ಹೇಳು.”

ಅದಕ್ಕೆಂದೇ ಶಿವಾನಿ ಒಂದು ಪ್ರೋಗ್ರಾಮ್ ಬರೆದಳು. ಅವಳ ಹಳೆಯ ಲ್ಯಾಪ್‌ಟಾಪ್ ಒಂದೊಂದು ಸಾಲನ್ನೂ ಫೈಲಿಗೆ ಬರೆದು ಮುಗಿಸುವತನಕ ತಡೆದು ನಿಲ್ಲುತ್ತಿತ್ತು; ಮುದುಕಿಯ ಮಾತು ನಿಲ್ಲುತ್ತಿರಲಿಲ್ಲ. ಹಾಗಾಗಿ ಬರೆಯುವ ಕೆಲಸವನ್ನು ಹಿನ್ನೆಲೆಗೆ ತಳ್ಳಿದಳು. ಟೈಪು ಮಾಡಿದ್ದು ಮೊದಲು ಮೆಮರಿಯಲ್ಲಿ ಸರದಿ ನಿಲ್ಲುವುದು, ಪ್ರೋಗ್ರಾಮಿನ ಇನ್ನೊಂದು ಭಾಗ ಬಿಡುವಾದಂತೆ ಅದನ್ನು ಪೆನ್‌ಡ್ರೈವಿಗೆ ಇಳಿಸುವುದು. ಇವಳು ಕಾಯಬೇಕಿರಲಿಲ್ಲ. ಸಾಲು ಮುಗಿದ ಕೂಡಲೇ ಪರದೆಯ ಮೂಲೆಯಲ್ಲಿ ‘ಉಳಿಸಲಾಗಿದೆ’ ಎಂದು ಹಸಿರು ಅಕ್ಷರ ಮೂಡುತ್ತಿತ್ತು. ನಿಜಕ್ಕೂ ಇಳಿಯಿತೋ ಇಲ್ಲವೋ ಎಂದು ವಿಚಾರಿಸಿ ನೋಡುವ ನಾಲ್ಕು ಸಾಲು ಇನ್ನೂ ಬರೆಯಬೇಕಿತ್ತು. ಕ್ಲಾಸಿನಲ್ಲಿ ಅದನ್ನೇ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದಳು. ತನ್ನದರಲ್ಲಿ ಮುಂದಿನ ವಾರ ಬರೆದರಾಯಿತು ಎಂದು ಬಿಟ್ಟಳು.

ಕೊನೆಯ ಭಾನುವಾರ ಶಟ್ಟೆವ್ವ ತಾನು ಉಳಿಸಲಾಗದ ತಾಯಂದಿರ ಬಗ್ಗೆ ಹೇಳಿದಳು. ನಾಲ್ಕು ತಾಸು. ನಡುನಡುವೆ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳುತ್ತಿದ್ದಳು, “ಬರದಿ?”

ಶಿವಾನಿ ಪರದೆಯ ಮೂಲೆ ನೋಡಿ ಹೇಳುತ್ತಿದ್ದಳು, “ಬರದೆ ಆಯಿ.”

ಸಂಜೆ ಐದಕ್ಕೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಬೈಲಹೊಂಗಲಕ್ಕೆ ಮರಳಿ ತೆರೆದು ನೋಡಿದರೆ ಆ ದಿನದ ಫೈಲಿನಲ್ಲಿ ಒಂದಕ್ಷರವೂ ಇರಲಿಲ್ಲ. ಹಿಂದಿನ ದಿನ ತಂಗಿಯ ಮದುವೆಯ ಫೋಟೋ ಹಾಕಿ ಪೆನ್‌ಡ್ರೈವ್ ತುಂಬಿಹೋಗಿತ್ತು. ಅಂದಿನ ಮೊದಲ ಸಾಲಿನಿಂದಲೂ ಜಾಗವಿಲ್ಲ ಎಂಬ ಉತ್ತರ ಬರುತ್ತಲೇ ಇತ್ತು. ಕೇಳುವವರು ಇರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಭಜನೆಯವರು ಬಂದು ಕೂತರು. ಶಿವಾನಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮೂವತ್ತೈದು ದಾಟಿದ ಒಬ್ಬ ಹೆಂಗಸು, ಕೈಯಲ್ಲಿ ಬಸ್ಸಿನ ಚೀಟಿ ಇನ್ನೂ ಹಾಗೇ ಇತ್ತು, ಹುಡುಕಿಕೊಂಡು ಬಂದಳು.

“ಶಿವಾನಿ ಅಕ್ಕಾರು ಅಂದ್ರ ನೀವ ಏನ್ರಿ? ನಾ ಮಾಲಾರಿ. ತೊರಗಲ್ಲಿಂದ ಬಂದೇನಿ. ಹುಟ್ಟಿದ್ದು ಇದ ಊರಾಗ. ನಮ್ಮವ್ವ ನನ್ನ ಹಡದ ದಿನಾನ ಹೋದ್ಲು. ಅಜ್ಜಿ ಒಯ್ದು ಸಾಕಿದ್ಲು.”

ಶಿವಾನಿಗೆ ಆ ಹೆಸರು ಗೊತ್ತಿತ್ತು. ಬರೆದುಕೊಳ್ಳತೊಡಗಿದ ದಿನಗಳಿಂದಲೇ ಶಟ್ಟೆವ್ವನ ಬಾಯಲ್ಲಿ ಕೇಳಿದ್ದಳು.

“ನಮ್ಮವ್ವ ಹೋಗೂ ಮುಂದ ಏನೋ ಅಂದ್ಲಂತ. ನನ್ನ ಸಲುವಾಗಿ. ಶಟ್ಟೆವ್ವಾಯಿನ್ನ ಎಷ್ಟ ಸಲ ಕೇಳಿದ್ರೂ, ನಿನ್ನ ಮಾರಿ ನೋಡಕೋತ ಅದನ್ನ ಹೇಳಾಕ ನನ್ನ ಕಡೆ ಆಗೂದಿಲ್ಲ ಅಂತಿದ್ಲು. ಆಮ್ಯಾಲ ಒಂದಿನ ತಾನ ಫೋನ್ ಮಾಡಿಸಿದ್ಲು. ಶಿವಾನಿ ಕಡೆ ಬರಸೇನಿ, ನಾ ಮಣ್ಣಿಗಿ ಹೋಗೂ ದಿನ ಬಂದು ಓದಿಸ್ಕೊ ಅಂತ.” ಮಾಲಾ ಸೆರಗು ಸರಿ ಮಾಡಿಕೊಂಡಳು. “ನನಗ ಓದಾಕ ಬರತೈತ್ರಿ. ನೀವು ತೆಗೆದು ಕೊಟ್ರ ಸಾಕು.”

*

ಖಾಲಿ ಫೈಲು ಕಂಡ ಮೇಲೆ, ಮುಂದಿನ ಭಾನುವಾರವೇ ಹೋಗಿ, ಆಯಿ, ಅಳಿಸಿಹೋಗೈತಿ, ಇನ್ನೊಮ್ಮೆ ಹೇಳು ಎನ್ನಬೇಕೆಂದು ಶಿವಾನಿ ನಿರ್ಧರಿಸಿದ್ದಳು. ಅಂದು ಪರೀಕ್ಷೆಯ ಕೆಲಸ ಬಂತು. ಅದರ ಮುಂದಿನ ವಾರ ಯಾವ ಕೆಲಸವೂ ಇರಲಿಲ್ಲ, ಆದರೂ ಹೋಗಲಿಲ್ಲ. ಅತ್ತು ಅತ್ತು ಹೇಳಿದವಳನ್ನು ಮತ್ತೆ ಕೂಡಿಸಿ ಹೇಳಿಸುವುದು ಹೇಗೆ ಎಂಬುದೇ ನೆವವಾಯಿತು. ಐದನೆಯ ವಾರ ಶಟ್ಟೆವ್ವನಿಗೆ ಲಕ್ವಾ ಹೊಡೆದು ಬಲಗೈ ಬಿತ್ತು, ಮಾತು ನಿಂತಿತು.

ನೋಡಲು ಹೋದಾಗಲೆಲ್ಲ ಮುದುಕಿ ಎಡಗೈ ಎತ್ತಿ ಗಾಳಿಯಲ್ಲಿ ಬರೆದು ತೋರಿಸಿ, ಹುಬ್ಬೇರಿಸಿ ಕೇಳುತ್ತಿದ್ದಳು. ಶಿವಾನಿ ತಲೆಯಾಡಿಸುತ್ತಿದ್ದಳು. ಮುದುಕಿ ಸಮಾಧಾನದಿಂದ ಕಣ್ಣು ಮುಚ್ಚುತ್ತಿದ್ದಳು.

*

“ಅಕ್ಕಾರ?” ಎಂದಳು ಮಾಲಾ.

ಒಂದು ಮಾತು ಕಟ್ಟಿ ಹೇಳುವುದು ಕಷ್ಟವಿರಲಿಲ್ಲ. ನನ್ನ ಮಗಳನ್ನ ಚಂದಾಗಿ ಸಾಕ್ರಿ ಅಂದ್ಲು ಎನ್ನಬಹುದಿತ್ತು. ಯಾವ ತಾಯಿಯೂ ಅನ್ನುವ ಮಾತು. ಅದು ಶಿವಾನಿಯ ನಾಲಿಗೆಯ ತುದಿಗೆ ಬಂದಿತ್ತು ಕೂಡ.

“ನನ್ನ ಕಡೆ ಇಲ್ಲ, ಮಾಲಾ,” ಎಂದಳು. “ಅಕಿ ಹೇಳಿದ್ಲು. ನಾ ಬರದೆ. ಅದು ಉಳೀಲಿಲ್ಲ. ಮಷೀನಿನ ತಪ್ಪಲ್ಲ, ನಂದ ತಪ್ಪು. ಆಯಿಗೆ ಮಾತು ಇದ್ದಾಗನ ಹೇಳಿ, ಮತ್ತ ಕೇಳಬೇಕಾಗಿತ್ತು. ಕೇಳಲಿಲ್ಲ.”

“ನೆನಪರ ಇರಬೇಕಲ್ರಿ.”

“ಕಿವಿಲೇ ಕೇಳಿ ಬೆರಳಿಲೇ ಬಿಟ್ಟೇನಿ. ಫೈಲಿನ್ಯಾಗ ಇರತೈತಿ ಅಂತ ಮನಸಿನ್ಯಾಗ ಇಟ್ಕೊಳ್ಳಲಿಲ್ಲ.” ಶಿವಾನಿ ತನ್ನ ಬೆರಳುಗಳನ್ನು ನೋಡಿಕೊಂಡಳು. “ಕಿಡಕಿ ಅಂತೇನೋ ಇತ್ತು. ಅದು ನಿಮ್ಮವ್ವಂದೋ ಮತ್ಯಾರದೋ, ಅದೂ ಗೊತ್ತಿಲ್ಲ.”

ಮಾಲಾ ಬೈಯುತ್ತಾಳೆ ಎಂದು ಶಿವಾನಿ ಕಾದಳು, ಬೈದರೆ ಒಳ್ಳೆಯದಿತ್ತು.

“ಹೇಳೂ ಮುಂದ ಆಯಿ ಅತ್ತಳೇನ್ರಿ?”

“ಅತ್ತಳು.”

“ಭಾಳ?”

“ಭಾಳ. ನೀರು ಕೊಟ್ಟೆ, ಕುಡೀಲಿಲ್ಲ.”

ಮಾಲಾ ಅಷ್ಟನ್ನು ತೆಗೆದುಕೊಂಡಂತೆ ಮೆಲ್ಲಗೆ ತಲೆಯಾಡಿಸಿದಳು. ಬಸ್ಸಿನ ಚೀಟಿಯನ್ನು ಮಡಚಿ ಕುಬಸದೊಳಗೆ ಇಟ್ಟುಕೊಂಡು ಒಳಗೆ ಹೋದಳು. ಹೆಣ ಎತ್ತುವ ಹೊತ್ತಾಗಿತ್ತು. ಭೀಮಶಿ ಗೂಟದ ಗಂಟು ಬಿಚ್ಚಲು ಕೈ ಹಾಕಿದ್ದ. ಹೆಂಗಸರು ಕೊನೆಯ ಸಲ ಕಾಲು ಮುಟ್ಟಿ ಹಿಂದೆ ಸರಿಯುತ್ತಿದ್ದರು.

ಮಾಲಾ ಕಾಲು ಮುಟ್ಟಲಿಲ್ಲ. ಶಟ್ಟೆವ್ವನ ಮುಂದೆ ಮೊಣಕಾಲೂರಿ, ಸೆರಗು ಸರಿಸಿ, ತನ್ನ ಕಿವಿಯನ್ನು ಆ ಮುಚ್ಚಿದ ಬಾಯಿಗೆ ಹಚ್ಚಿ ಹಾಗೆಯೇ ಕೂತಳು. ಭೀಮಶಿಯ ಕೈ ಗಂಟಿನ ಮೇಲೆ ನಿಂತಿತು. ಏನೆಂದು ತಿಳಿಯದಿದ್ದರೂ ಹಣಮಂತಪ್ಪ ಕೈ ಎತ್ತಿ ಭಜನೆಯವರಿಗೆ ಸನ್ನೆ ಮಾಡಿದ. ತಾಳಗಳು ಒಂದೊಂದಾಗಿ ನಿಂತವು.