ಎಣ್ಣೆ ಬಿಟ್ಟ ನಯನಾ, ಬುತ್ತಿ ತಂದ ಉಡಚಮ್ಮ

"ಏನವ್ವಾ ನಯನಾ, ಏನಾದ್ರೂ ವಿಶೇಷ ಐತಾ?"

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಸೊಪ್ಪು ಮಾರುವವಳೂ ಇದನ್ನೇ ಕೇಳುತ್ತಾಳೆ, ಗುಡಿಯ ಮುಂದೆ ಸಿಕ್ಕವರೂ ಇದನ್ನೇ ಕೇಳುತ್ತಾರೆ. ಮದುವೆಯಾಗಿ ನಾಲ್ಕು ವರ್ಷವಾದ ಹೆಣ್ಣನ್ನು ಕಂಡರೆ ಜನರಿಗೆ ಬೇರೆ ಮಾತೇ ಬರುವುದಿಲ್ಲ, ಏನು ಮಾಡೋಣ! ನಯನಾ ನಕ್ಕು "ಇಲ್ರೀ" ಎಂದು ಮುಂದೆ ಹೋಗುತ್ತಾಳೆ. ಆದರೆ ಒಳಗೊಳಗೆ ಅವಳಿಗೆ ಒಂದು ಮಗು ಬೇಕು, ಬೇಕೇ ಬೇಕು. ಪಕ್ಕದ ಮನೆಯ ಕೂಸು ಅತ್ತರೆ ಸಾಕು, ಇವಳು ಮಾಡುವ ಕೆಲಸ ಬಿಟ್ಟು ನಿಂತುಬಿಡುತ್ತಾಳೆ.

ಡಾಕ್ಟರು ಪರೀಕ್ಷೆ ಮಾಡಿ, ಮೈತೂಕ ಸ್ವಲ್ಪ ಇಳಿಸಿದರೆ ಒಳ್ಳೆಯದು ಎಂದಿದ್ದರು. ನಿಧಾನವಾಗಿ ಇಳಿಸಿ ಎಂದೂ ಹೇಳಿದ್ದರು. ನಮ್ಮ ನಯನಾ ಕೇಳಬೇಕಲ್ಲ! ಮೈಯ ಕೊಬ್ಬು ಕರಗಬೇಕಾದರೆ ಬಾಯಿಗೆ ಕೊಬ್ಬು ಹಾಕಲೇಬಾರದು ಎಂದು ತಾನೇ ತೀರ್ಮಾನಿಸಿ, ಅಂದೇ ಎಣ್ಣೆ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಒಗ್ಗರಣೆ ಬಂದ್. ತುಪ್ಪ ಬಂದ್. ಶೇಂಗಾ, ಕೊಬ್ಬರಿ, ಎಳ್ಳು ಎಲ್ಲಾ ಬಂದ್. ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ದೋಸೆ ಹೋಟೆಲಿನ ಮುಂದೆ ಮೂಗು ಮುಚ್ಚಿಕೊಂಡು ಹೋಗುವುದೆಂದರೆ ಸುಮ್ಮನೆಯೇ? ಹಠಮಾರಿ, ಅದನ್ನೂ ಮಾಡಿದಳು.

ಗಂಡ ಯೋಗರಾಜ್ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಬರುವಾಗ ಚೀಲದ ತುಂಬ ಮಂಡಕ್ಕಿ ತಂದುಕೊಟ್ಟ. ಬೆಳಿಗ್ಗೆ ನೀರಲ್ಲಿ ನೆನೆಸಿ ಹಿಂಡಿದ ಮಂಡಕ್ಕಿ, ಮಧ್ಯಾಹ್ನ ಒಂದು ಹಿಡಿ ಅನ್ನಕ್ಕೆ ತಿಳಿಸಾರು, ರಾತ್ರಿ ಮತ್ತೆ ಒಣ ಮಂಡಕ್ಕಿ. "ಹಗುರ ಐತೆ ಬಿಡ್ರಿ, ಗಾಳಿ ತಿಂದಂಗೆ" ಎನ್ನುತ್ತಿದ್ದಳು.

ತೂಕ ಸರಸರನೆ ಇಳಿಯಿತು. ಜೊತೆಗೆ ಕೂದಲು ಉದುರಿತು, ಚರ್ಮ ಒಡೆಯಿತು, ಮಾತೆತ್ತಿದರೆ ಸಿಟ್ಟು ಬಂತು. ಆಮೇಲೆ ಒಂದು ತಿಂಗಳು ಮುಟ್ಟಾಗಲಿಲ್ಲ. ಮುಂದಿನ ತಿಂಗಳೂ ಆಗಲಿಲ್ಲ.

ಅಯ್ಯೋ, ಆಗ ಅವಳ ಮನಸ್ಸನ್ನು ಹಿಡಿಯುವವರು ಯಾರು! ಬಟ್ಟೆ ಒಣಗಿಸುವಾಗ ಹೊಟ್ಟೆ ಮುಟ್ಟಿಕೊಂಡಳು. ಯೋಗರಾಜ್ ಇಲ್ಲದಾಗ ಹೆಸರುಗಳನ್ನು ಮೆಲ್ಲಗೆ ಹೇಳಿಕೊಂಡಳು. ಪರೀಕ್ಷೆ ಮಾಡಿಕೊಳ್ಳಲು ಮಾತ್ರ ಹೆದರಿಕೆ. ಕೊನೆಗೆ ತಡೆಯಲಾರದೆ ಫೋನಿನಲ್ಲಿ ತಾಯಿಗೆ ಹೇಳಿಯೇಬಿಟ್ಟಳು.

ತಾಯಿ ಉಡಚಮ್ಮ ಇರುವುದು ಹರಿಹರ ತಾಲ್ಲೂಕಿನ ಸಾರಥಿ ಎಂಬ ಹಳ್ಳಿಯಲ್ಲಿ. ಬಸುರಿ ಮಗಳಿಗೆ ತವರಿನವರು ಬಯಕೆ ಬುತ್ತಿ ತರುವುದು ನಮ್ಮ ಕಡೆ ಉಂಟು. ಅದಕ್ಕೂ ಒಂದು ಹೊತ್ತಿದೆ, ತಿಂಗಳು ತುಂಬುತ್ತಾ ಬರಬೇಕು. ಉಡಚಮ್ಮನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಡಾಕ್ಟರು ಏನಂದರು ಎಂದೂ ಕೇಳದೆ, ಭಾನುವಾರ ಬೆಳಗಾಗುತ್ತಲೇ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಅಂದರೆ ಹುಚ್ಚೆಳ್ಳಿನ ಚಟ್ನಿ, ಅಗಸೆ ಚಟ್ನಿ, ಒಂದು ಡಬ್ಬಿ ಬೆಣ್ಣೆ ಕಟ್ಟಿಕೊಂಡು, ಹರಿಹರದಲ್ಲಿ ಬಸ್ಸು ಬದಲಿಸಿ, ಮಗಳ ಮನೆಗೆ ಬಂದೇಬಿಟ್ಟಳು.

ಅದೇ ಬೆಳಿಗ್ಗೆ ನಯನಾ ಧೈರ್ಯ ಮಾಡಿ, ಮೆಡಿಕಲ್ ಶಾಪಿನಿಂದ ತಂದ ಪಟ್ಟಿಯಲ್ಲಿ ಪರೀಕ್ಷೆ ಮಾಡಿಕೊಂಡಿದ್ದಳು. ಮೂಡಿದ್ದು ಒಂದೇ ಗೆರೆ.

ಉಡಚಮ್ಮ ಚಾಪೆಯ ಮೇಲೆ ಬುತ್ತಿ ಬಿಚ್ಚಿ ತುತ್ತು ಮಾಡಿದಳು. "ಬಾರವ್ವಾ, ಮೊದ್ಲು ನನ್ ಕೈಯಾಗೆ ಒಂದ್ ತುತ್ತು ತಿನ್ನು."

"ಏನೂ ಇಲ್ಲವ್ವಾ," ಎಂದಳು ನಯನಾ. "ನಾನು ಬಸುರಿ ಅಲ್ಲ."

ತಾಯಿಯ ತುತ್ತು ಕೈಯಲ್ಲೇ ಉಳಿಯಿತು. ಇಬ್ಬರೂ ಅತ್ತರು. ಸ್ವಲ್ಪ ಹೊತ್ತಾದ ಮೇಲೆ ಉಡಚಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾರೆ ಮುಟ್ಟು ಯಾಕ ನಿಂತೈತೆ?" ಎಂದಳು. ಯೋಗರಾಜ್ ಚಪ್ಪಲಿ ಮೆಟ್ಟಿ ಬುಷ್ರಾಳನ್ನು ಕರೆಯಲು ಓಡಿದ. ಬುಷ್ರಾ ಎಂದರೆ ನಯನಾಳ ಹರಿಹರದ ಹೈಸ್ಕೂಲ್ ಗೆಳತಿ. ಈಗ ಆಸ್ಪತ್ರೆಯಲ್ಲಿ ಆಹಾರ ತಜ್ಞೆ, ಅವಳ ಮನೆ ಪಕ್ಕದ ಬೀದಿಯಲ್ಲೇ.

ಬುಷ್ರಾ ಬಂದವಳೇ ಗೆಳತಿಯ ಗದ್ದ ಹಿಡಿದು ನೋಡಿದಳು. "ದಿನಾ ಏನ್ ತಿಂತೀ? ಬಚ್ಚಿಡದೆ ಹೇಳು."

ನಯನಾ ಹೇಳಿದಳು.

"ಯಾ ಅಲ್ಲಾ! ಇದು ಊಟನೋ ಉಪವಾಸನೋ?"

"ಕೊಬ್ಬು ತಿಂದ್ರೆ ಕೊಬ್ಬೇ ಅಲ್ವೇನೇ ಬರೋದು?"

"ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ಏನ್ ತಿಂದ್ರೂ ಕೊಬ್ಬಾಗಿ ಕೂಡ್ತೈತೆ. ಅನ್ನ ಜಾಸ್ತಿ ಆದ್ರೂ ಅಷ್ಟೇ, ಸಕ್ರಿ ಚಾ ಜಾಸ್ತಿ ಆದ್ರೂ ಅಷ್ಟೇ. ಹಂಗಂತ ಕೊಬ್ಬು ಪೂರ್ತಿ ಬಿಟ್ರೆ ಮೈ ನಡಿಯೋದು ಹೆಂಗೆ? ಮುಟ್ಟು ತರೋ ಹಾರ್ಮೋನ್ ತಯಾರಾಗೋಕೆ ಅದು ಬೇಕು. ಸೊಪ್ಪು, ಗಜ್ಜರಿಯಾಗಿನ ವಿಟಮಿನ್ ಮೈಗೆ ಹತ್ತೋಕೂ ಬೇಕು. ನೀನು ಊಟನೂ ಅರ್ಧ ಮಾಡ್ದಿ, ಕೊಬ್ಬಂತೂ ನಿಲ್ಲಿಸೇ ಬಿಟ್ಟಿ. ಮೈ ಹೆದರ್ಕೊಂಡೈತೆ ಕಣೇ. ತನಗೇ ಸಾಲದಾಗ ಇನ್ನೊಂದು ಜೀವ ಹೆಂಗೆ ಸಾಕ್ಲಿ ಅಂತ ಬಾಗ್ಲು ಹಾಕ್ಕೊಂಡೈತೆ."

ನಯನಾ ಅಳುತ್ತಾ ಕೇಳಿದಳು. "ಹಂಗಾರೆ ಕೂಸು ಬರ್ಲಿ ಅಂತ ಬಿಟ್ಟೆನಲ್ಲ, ಅದೇ ಕೂಸಿಗೆ ಅಡ್ಡ ಆತೇನೇ?"

ಬುಷ್ರಾ ಗೆಳತಿಯ ಕೈ ಹಿಡಿದಳು. "ಇರಬಹುದು. ಬೇರೆ ಕಾರಣನೂ ಇರಬಹುದು, ನಾಳೆನೇ ಡಾಕ್ಟರಿಗೆ ತೋರ್ಸೋಣ. ಇದು ಸರಿ ಹೋಗೋದೇ ಕಣೇ, ಅಳಬ್ಯಾಡ."

ಯೋಗರಾಜ್ ಎದ್ದು ನಿಂತ. "ಹಂಗಾರೆ ಈಗ್ಲೇ ಬೆಣ್ಣೆ ದೋಸೆ ಕಟ್ಟಿಸ್ಕೊಂಡು ಬರ್ತೀನಿ! ದಿನಾ ತರ್ತೀನಿ!"

"ನಿಂದ್ರಪ್ಪಾ ಮಹಾರಾಯ!" ಎಂದು ಬುಷ್ರಾ ಗದರಿದಳು. "ಎಣ್ಣೆ, ಬೆಣ್ಣೆಯಾಗಿನ ಕ್ಯಾಲೊರಿ ಅಕ್ಕಿ, ಜೋಳದ ಎರಡು ಪಟ್ಟಿಗಿಂತ ಜಾಸ್ತಿ. ಅದಕ್ಕೇ ಚಮಚದಾಗೆ ಅಳೀಬೇಕು, ಸೌಟಿನಾಗಲ್ಲ. ಒಬ್ಬರಿಗೆ ದಿನಕ್ಕೆ ಮೂರು-ನಾಲ್ಕು ಟೀ ಚಮಚ ಸಾಕು. ತುಪ್ಪ ತಿಂದ್ರೆ ಅದೂ ಈ ಲೆಕ್ಕದಾಗೇ ಬಂತು. ಮಿರ್ಚಿ ಬಜ್ಜಿ, ಬೇಕರಿ ತಿಂಡಿ, ವನಸ್ಪತಿ, ಕಾಸಿದ್ದೇ ಕಾಸಿದ ಎಣ್ಣೆ ದೂರ ಇಡ್ರಿ. ಬೆಣ್ಣೆ ದೋಸೆ ಯಾವಾಗಾದ್ರೊಮ್ಮೆ ಖುಷಿಯಾಗಿ ತಿನ್ರಿ, ಬ್ಯಾಡ ಅಂದೋರ್ಯಾರು?" ಆಮೇಲೆ ಚಾಪೆಯ ಕಡೆ ನೋಡಿ ನಕ್ಕಳು. "ಅಲ್ಲಾ, ಅವ್ವ ಎಲ್ಲಾ ಹೊತ್ಕೊಂಡೇ ಬಂದಾರಲ್ಲ! ಶೇಂಗಾ, ಅಗಸೆ, ಗುರೆಳ್ಳು... ಒಳ್ಳೆ ಕೊಬ್ಬು ಅಂದ್ರೆ ಇವೇ. ಹೋಳಿಗೆ ಮಾತ್ರ ಒಂದೇ, ಬೆಲ್ಲ ಐತೆ."

"ಬಸುರಿ ಅಲ್ದೋಳು ಬಯಕೆ ಬುತ್ತಿ ತಿಂದ್ರೆ ನಡೀತೈತೇನ್ರೀ?" ಎಂದ ಯೋಗರಾಜ್, ಸಣ್ಣ ದನಿಯಲ್ಲಿ.

"ನನ್ ಮಗಳು ಹಸಿದಾಳೆ, ತಿಂತಾಳೆ," ಎಂದಳು ಉಡಚಮ್ಮ. ಗುರೆಳ್ಳು ಚಟ್ನಿಗೆ ಚೂರು ಬೆಣ್ಣೆ ಕಲಸಿ ಮಗಳ ಬಾಯಿಗಿಟ್ಟಳು. ಆ ರುಚಿಗೆ ಎಷ್ಟು ಹಂಬಲಿಸಿದ್ದೆ ಎಂಬುದು ನಯನಾಳಿಗೆ ಆಗಲೇ ತಿಳಿದದ್ದು. ಅಳುತ್ತಲೇ ಎರಡು ರೊಟ್ಟಿ ತಿಂದಳು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಬೇರೆ ತೊಂದರೆ ಕಾಣುತ್ತಿಲ್ಲ, ಹೊಟ್ಟೆ ತುಂಬ ಸರಿಯಾಗಿ ಊಟ ಮಾಡಿ ಎಂದರು. ಅಂದಿನಿಂದ ನಯನಾಳದ್ದು ರೊಟ್ಟಿ, ಬೇಳೆ, ಸೊಪ್ಪು, ಮೊಸರು, ಒಂದು ಹಿಡಿ ಶೇಂಗಾ, ಅಳತೆಯ ಎಣ್ಣೆ, ಸಂಜೆ ಗಂಡನ ಜೊತೆ ನಡಿಗೆ. ತೂಕ ಈಗ ನಿಧಾನವಾಗಿ ಇಳಿಯಿತು, ಆದರೆ ಮೈಯಲ್ಲಿ ತ್ರಾಣವಿತ್ತು. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮುಟ್ಟಾಯಿತು.

ಹಿಂದೆ ಪ್ರತಿ ತಿಂಗಳೂ ಅದನ್ನು ಕಂಡು ಬಚ್ಚಲಲ್ಲಿ ಕೂತು ಅಳುತ್ತಿದ್ದವಳು, ಇವತ್ತು ನಗುತ್ತಾ ತಾಯಿಗೆ ಫೋನ್ ಮಾಡಿದಳು. "ಅವ್ವಾ, ಆತವ್ವಾ!" ಎಂದು ಹೇಳಿದವಳಿಗೆ ನಗು ನಿಂತು ಅಳು ಬಂತು. "ಕೂಸು ಬರ್ತೈತೋ ಇಲ್ಲೋ ಗೊತ್ತಿಲ್ಲವ್ವಾ. ನಂಗಿನ್ನೂ ಬೇಕನಿಸ್ತೈತೆ."

"ಬರ್ಲಿ, ಬೇಡ್ಕಂತೀನಿ," ಎಂದಳು ಉಡಚಮ್ಮ. "ಆದ್ರೆ ಕೇಳು, ನನಗಿರೋ ಕೂಸು ನೀನು. ನೀನು ಹಸಿದು ಸಾಯೋದು ನಾ ನೋಡಲಾರೆ. ಇವತ್ತು ಏನ್ ಉಂಡಿ, ಅದನ್ನ ಹೇಳು ಮೊದ್ಲು."

ಅಕ್ಕ ತಂಗಿಯರೇ, ತೂಕ ಇಳಿಸಬೇಕೇ? ಇಳಿಸಿ. ಕರಿದದ್ದನ್ನೂ ಸಕ್ಕರೆಯನ್ನೂ ಕಡಿಮೆ ಮಾಡಿ, ದಿನವೂ ನಡೆಯಿರಿ. ಎಣ್ಣೆಯನ್ನು ಅಳೆದು ಹಾಕಿ, ಪೂರ್ತಿ ಬಿಡಬೇಡಿ. ಶೇಂಗಾ, ಅಗಸೆ, ಎಳ್ಳು ಊಟದಲ್ಲಿರಲಿ. ಮುಟ್ಟು ನಿಂತರೆ, ಕೂದಲು ಉದುರಿದರೆ, ತಲೆ ಸುತ್ತಿದರೆ ನಾಚಿಕೆ ಬೇಡ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ನಿಮ್ಮ ಮನೆಯಲ್ಲೂ ಯಾರಾದರೂ ತಟ್ಟೆ ದೂರ ತಳ್ಳಿ ಸುಮ್ಮನೆ ಕೂತಿದ್ದರೆ, ಇವತ್ತೇ ಪಕ್ಕದಲ್ಲಿ ಕೂತು ಉಣ್ಣಿಸಿ.