ನಾಲ್ಕನೇ ಇಂಚು

ನಮ್ಮ ಯಜಮಾನರು ಕುರ್ಚಿ, ಸೋಫಾಗಳಿಗೆ ಮೆತ್ತೆ ಹೊಲಿಯುವವರು. ಬೀದಿಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರೂ ‘ಸುಕ್ಕಿಲ್ಲದವರು’ ಎಂದೇ ಕರೆಯುತ್ತಾರೆ. ಮುಖ ನೋಡಿ ಇಟ್ಟ ಹೆಸರಲ್ಲ, ಕೆಲಸ ನೋಡಿ ಇಟ್ಟದ್ದು. “ನನ್ನ ಕೈಯಲ್ಲಿ ಒಂದು ಸುಕ್ಕು ಬಂದ ದಿನ ಸೂಜಿ ಕೆಳಗಿಟ್ಟು ಮನೇಲಿ ಕೂತುಬಿಡ್ತೀನಿ” ಎಂದು ಮದುವೆಯ ಹೊಸದರಲ್ಲಿ ಹೇಳಿದ್ದರು. ಗಂಡಸರ ಸಾವಿರ ಮಾತಿನಲ್ಲಿ ಇದೂ ಒಂದು ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಆಮೇಲೆ ಗೊತ್ತಾಯಿತು, ಈ ಮನುಷ್ಯ ಹೇಳಿದರೆ ಮಾಡಿಯೇ ತೀರುವ ಪೈಕಿ.

ಅವರು ಮನೆಯಲ್ಲಿ ಕೂತರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಒಮ್ಮೆ ಜ್ವರ ಬಂದು ನಾಲ್ಕು ದಿನ ಮಲಗಿದ್ದಾಗ ನನ್ನ ಟವೆಲ್‌ಗಳನ್ನೆಲ್ಲ ಅಂಚಿಗೆ ಅಂಚು ಕೂಡಿಸಿ ಮತ್ತೆ ಮಡಚಿಸಿದ್ದರು. ಐದನೇ ದಿನ ಜ್ವರ ನನಗೆ ಬಂತು.

ಹೀಗಿರುವಾಗ ಹಲ್ಲಿನ ಡಾಕ್ಟರು ಅಂಗಡಿಗೆ ಒಂದು ಮೊಟ್ಟೆ ಕಳಿಸಿದರು. ಫೈಬರ್‌ನ ದೊಡ್ಡ ಚಿಪ್ಪು, ಆಳೆತ್ತರ, ಮುಂದೆ ಒಂದು ಬಾಯಿ. ಹಲ್ಲು ಕೀಳಿಸಲು ಬಂದವರು ಅದರೊಳಗೆ ಕೂತರೆ ಹೆದರಿಕೆ ಕಡಿಮೆಯಾಗುತ್ತದಂತೆ. ಡಾಕ್ಟರು ಹೇಳಿದ್ದು ಎರಡೇ ಮಾತು: ಒಳಗೆಲ್ಲ ಒಂದೇ ಸಮನೆ ನಾಲ್ಕು ಇಂಚು ದಪ್ಪದ ಮೆತ್ತೆ ಬೇಕು, ಎಲ್ಲೂ ಸುಕ್ಕು ಕೂಡದು. ಯಜಮಾನರು ಮೀಸೆಯಡಿಯಲ್ಲೇ ನಕ್ಕು ಒಪ್ಪಿಕೊಂಡರು.

ಅವರ ಕೆಲಸದ ಪದ್ಧತಿ ಹೀಗೆ. ಮೆತ್ತೆಯ ದಪ್ಪದಷ್ಟೇ ಉದ್ದದ ಅಳತೆ ಸೂಜಿಗಳನ್ನು ಚಿಪ್ಪಿನ ಒಳಮೈ ಮೇಲೆ ಅಲ್ಲಲ್ಲಿ ಲಂಬವಾಗಿ, ಅಂದರೆ ಆ ಜಾಗಕ್ಕೆ ನೆಟ್ಟಗೆ, ನಿಲ್ಲಿಸುತ್ತಾರೆ. ಒಂದೊಂದು ಇಂಚಿಗೂ ಒಂದು ಪದರ ಸ್ಪಂಜು. ಕೊನೆಗೆ ಚಿಪ್ಪಿನ ಮೇಲಿನ ಸೂಜಿಗಳ ಸಾಲಿನಂತೆಯೇ ಒಂದರ ತುದಿಯಿಂದ ಮುಂದಿನದರ ತುದಿಗೆ ಬಟ್ಟೆ ಹಾಸುತ್ತಾರೆ. ಕಣ್ಣಂದಾಜು ಅಂದರೆ ಅವರಿಗೆ ಬೈಗುಳ.

ಮೂರು ಇಂಚಿನವರೆಗೆ ಒಳಗೆ ಬೆಣ್ಣೆ ಸವರಿದ ಹಾಗಿತ್ತು. ನಾಲ್ಕನೇ ಪದರ ಹಾಕಿದರು ನೋಡಿ, ಮೊಟ್ಟೆಯ ಚೂಪು ತುದಿಯಲ್ಲಿ ಬಟ್ಟೆ ಮುಂದೆ ಹೋಗಿ, ಹಿಂದೆ ತಿರುಗಿ, ಮತ್ತೆ ಮುಂದೆ ಹೋಯಿತು. ಎರಡು ಹರಿತವಾದ ಅಂಚಿನ ಮಡಿಕೆ. ಬಿಚ್ಚಿದರು, ಮತ್ತೆ ಹಾಕಿದರು. ಅದೇ ಜಾಗ, ಅದೇ ಮಡಿಕೆ. ಮೂರನೇ ಸಲ ಸ್ಪಂಜಿನವನನ್ನು ಬೈದರು, ನಾಲ್ಕನೇ ಸಲ ನನ್ನನ್ನು. ಐದನೇ ಸಲ ಯಾರನ್ನೂ ಬೈಯಲಿಲ್ಲ. ಆಗಲೇ ನಾನು ಹೆದರಿದ್ದು.

“ಆ ತುದೀಲಿ ಒಂಚೂರು ತೆಳು ಮಾಡಿಬಿಡಿ. ಯಾರು ಅಳೀತಾರೆ?” ಎಂದೆ.

“ಒಂದೇ ಸಮ ಅಂತ ಒಪ್ಪಿಕೊಂಡಿದೀನಿ. ತೆಳು ಮಾಡಿದ್ರೆ ಮೋಸ. ಮಾಡದಿದ್ರೆ ಸುಕ್ಕು. ಮುಗೀತು ಬಿಡು” ಎಂದು ಸೂಜಿ ಡಬ್ಬಿಯ ಮುಚ್ಚಳ ಹಾಕಿದರು. “ಸಂಜೆ ಡಾಕ್ಟರು ಬರ್ತಾರೆ. ಕ್ಷಮೆ ಕೇಳಿ ಅಂಗಡಿ ಮುಚ್ತೀನಿ. ನಾಳೆಯಿಂದ ಮನೇಲೇ.”

ನನ್ನ ಟವೆಲ್‌ಗಳು ಕಣ್ಣ ಮುಂದೆ ಬಂದವು. ಆದರೆ ನಿಜ ಹೇಳುತ್ತೇನೆ, ಅದಕ್ಕಿಂತ ಹೆಚ್ಚಾಗಿ ಆ ಮುಖವನ್ನು ನೋಡಲಾಗಲಿಲ್ಲ. ಬಚ್ಚಲಿಗೆ ಹೋಗಿ ನನ್ನ ತಂಗಿಗೆ ಫೋನು ಮಾಡಿದೆ. ಅವಳು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಬಾಗಿದ ಮೇಲ್ಮೈಗಳ ಬಗ್ಗೆ ಆರು ವರ್ಷ ಕೂತು ದಪ್ಪನೆಯ ಪ್ರಬಂಧ ಬರೆದವಳು, ಅಂಗಿಯ ಗುಂಡಿ ಹೊಲಿಯಲು ಮಾತ್ರ ನನ್ನ ಹತ್ತಿರ ಬರುತ್ತಾಳೆ. ಭಾವನಿಗೆ ಸಮಾಧಾನ ಹೇಳಲಿ ಎಂದು ಕರೆದರೆ, ಬಂದವಳೇ ಚಪ್ಪಲಿ ಬಿಟ್ಟು ಮೊಟ್ಟೆಯೊಳಗೆ ನುಗ್ಗಿದಳು. ಹೊರಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು. ಒಳಗಿನಿಂದ ಕಿರುಚಿದಳು.

“ಹಾವೇನೇ?” ಎಂದೆ.

“ಅಕ್ಕಾ, ಸಿಂಗ್ಯುಲಾರಿಟಿ, ನುಣುಪು ಮೈ ಮುರಿಯೋ ಜಾಗ! ಭಾವ, ಇದನ್ನ ನಾನು ಬರೀ ಹಾಳೆ ಮೇಲೆ ಬರೆದಿದ್ದೆ. ಮುಟ್ಟಿ ನೋಡ್ತೀನಿ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ!” ಎಂದು ಮಡಿಕೆಗೆ ಕೆನ್ನೆ ಒತ್ತಿ ಕೂತುಬಿಟ್ಟಳು. ಸಮಾಧಾನ ಹೇಳುವ ಚಂದವೇ ಇದು?

ಯಜಮಾನರ ಮುಖ ಕೆಂಪಗಾಯಿತು. “ದೊಡ್ಡ ಹೆಸರಿಟ್ಟ ಮಾತ್ರಕ್ಕೆ ಸುಕ್ಕು ಸುಕ್ಕಲ್ದೆ ಇನ್ನೇನಾಗುತ್ತೆ?”

“ಭಾವ, ಚಿಪ್ಪು ನುಣುಪಾಗಿದೆ. ಅದಕ್ಕೆ ಸಮ ದೂರದಲ್ಲಿ ಇನ್ನೊಂದು ಮೈ ಮಾಡ್ತಾ ಒಳಗೆ ಹೋಗ್ತಿದೀರಿ. ಸ್ವಲ್ಪ ದೂರ ಅದೂ ನುಣುಪಾಗೇ ಇರುತ್ತೆ. ಆದ್ರೆ ಚೂಪು ತುದಿ ತುಂಬ ಬಾಗಿದೆ. ಅಲ್ಲಿಂದ ನೆಟ್ಟಗೆ ಹೊರಟ ಸೂಜಿಗಳು ಒಂದು ದೂರದಲ್ಲಿ ಒಂದಕ್ಕೊಂದು ಸೇರ್ತವೆ. ಅದನ್ನ ದಾಟಿದ್ರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಸೂಜಿ ಹೇಳಿದ ಹಾಗೆ ಹಾಸಿದ ಬಟ್ಟೆ ಹಿಂದೆ ತಿರುಗಲೇಬೇಕು.”

“ದೇವರೇ ಹೊಲಿದ್ರೂ?”

“ದೇವರೇ ಹೊಲಿದ್ರೂ. ಅಲ್ಲಿ ಮಡಿಕೆ ಬರದಿದ್ರೆ ಅಳತೆ ತಪ್ಪಿದೆ ಅಂತ ಅರ್ಥ.”

ಯಜಮಾನರು ಮುಚ್ಚಿದ್ದ ಡಬ್ಬಿ ತೆಗೆದು, ಚೂಪು ತುದಿಯ ಮೆತ್ತೆ ಪೂರ್ತಿ ಬಿಚ್ಚಿ, ಬರೀ ಚಿಪ್ಪಿನ ಮೇಲೆ ಒತ್ತೊತ್ತಾಗಿ ಇಪ್ಪತ್ತು ಸೂಜಿ ನೆಟ್ಟಗೆ ನಿಲ್ಲಿಸಿದರು. ಕನ್ನಡಕ ಮೂಗಿನ ತುದಿಗೆ ತಂದು ನೋಡಿದರು. ಮೂರೂವರೆ ಇಂಚಿನ ಹತ್ತಿರ ಸೂಜಿಗಳು ಒಂದಕ್ಕೊಂದು ತಾಗಿಕೊಂಡು, ಮುಂದೆ ಅದಲುಬದಲಾಗಿ ಚದುರಿದ್ದವು. ಅವರು ಒಂದೊಂದನ್ನೂ ಬೆರಳಿನಲ್ಲಿ ಮುಟ್ಟಿ ಎಣಿಸಿದರು. ಆಮೇಲೆ ಸೂಜಿ ತೆಗೆದು, ಊಟವನ್ನೂ ಮಾಡದೆ, ಬಿಚ್ಚಿದ ಪದರಗಳನ್ನೆಲ್ಲ ಹಾಗೆಯೇ ಹೊಲಿದು ಮುಗಿಸಿದರು. ಮಡಿಕೆ ಮೊದಲಿನಂತೆಯೇ ಬಂತು. ಈ ಸಲ ಅದರ ಎರಡೂ ಅಂಚಿಗೆ ಸಣ್ಣ ಹೊಲಿಗೆ ಹಾಕಿದರು.

ಸಂಜೆ ಡಾಕ್ಟರು ಬಂದರು. ಮೊಟ್ಟೆಯೊಳಗೆ ಕೂತರು, ಹಿಂದಕ್ಕೆ ಒರಗಿದರು, ತಲೆಯ ಹತ್ತಿರ ಕೈಯಾಡಿಸಿದರು. “ಏನ್ರೀ ಇದು, ಸುಕ್ಕು! ನಿಮ್ಮಂಥವರ ಕೈಯಲ್ಲಿ!”

ತಂಗಿ ಬಾಯಿ ತೆರೆದಳು, ನಾನು ಅವಳ ಕಾಲು ತುಳಿದೆ.

“ನಾಲ್ಕು ಇಂಚು ಒಂದೇ ಸಮ ಇದೆ, ಎಲ್ಲಿ ಬೇಕಾದ್ರೂ ಅಳೆದು ನೋಡಿ” ಎಂದರು ಯಜಮಾನರು. “ಸುಕ್ಕು ಬೇಡ ಅಂದ್ರೆ ಮೂರು ಇಂಚಿಗೆ ನಿಲ್ಲಿಸಬೇಕು. ನಾಲ್ಕು ಬೇಕು ಅಂದ್ರೆ ಇದೂ ಇರುತ್ತೆ. ಎರಡೂ ಕೊಡ್ತೀನಿ ಅಂತ ಒಪ್ಪಿಕೊಂಡೆ, ಅಷ್ಟು ಮಾತ್ರ ತಿಳೀದೆ ಆಡಿದ ಮಾತು.”

“ಅದೆಲ್ಲ ಇರಲಿ, ತಪ್ಪು ಯಾರದು?”

ಯಜಮಾನರು ಯೋಚಿಸಿದರು. ನಾನು ಸ್ಪಂಜಿನವನ ಹೆಸರಿಗೆ ಕಾದೆ, ನನ್ನ ಹೆಸರಿಗೆ ಕಾದೆ.

“ಯಾರದ್ದೂ ಅಲ್ಲ” ಎಂದರು.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹಾಲು ಉಕ್ಕಿದರೂ, ಬಲ್ಬು ಸುಟ್ಟರೂ, ಮಳೆ ಬಂದರೂ ನಮ್ಮ ಮನೆಯಲ್ಲಿ ಒಬ್ಬರದಾದರೂ ತಪ್ಪಿತ್ತು. ಹೆಚ್ಚಾಗಿ ಅದು ನನ್ನದೇ ಆಗಿರುತ್ತಿತ್ತು. ಹಾಗಾಗಿ ಈ ಎರಡು ಪದ ಕೇಳಿ, ಹಲ್ಲಿನ ಡಾಕ್ಟರ ಎದುರಿಗೇ ಗೊಳೋ ಎಂದು ಅತ್ತುಬಿಟ್ಟೆ. ಪಾಪ, ಅವರು ಗಾಬರಿಯಾಗಿ ಯಾವ ಹಲ್ಲು ನೋಯುತ್ತಿದೆ ಎಂದು ಕೇಳಿದರು.

“ಮೂರು ಇಂಚೇ ಸಾಕು, ಅದಕ್ಕೆ ಇನ್ನೊಂದು ಚಿಪ್ಪು ಕಳಿಸ್ತೀನಿ” ಎಂದು ಡಾಕ್ಟರು ಎದ್ದು ಹೊರಟರು. ಯಜಮಾನರು ಬಾಗಿಲವರೆಗೆ ಹೋಗಿ, “ನಾಳೆ ಬೆಳಿಗ್ಗೆಯೇ ಕಳಿಸಿ, ಅಂಗಡಿ ಎಂಟಕ್ಕೆ ತೆಗೀತೀನಿ” ಎಂದರು.